ಮಗಳ ಮೊದಲ ಮಾತು

ದೆವ್ವ, ಮೈಮೇಲೆ ಬರುವುದು, ಕನಸು ನಿಜವಾಗುವುದು ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಗೆ ನನ್ನಲ್ಲಿ ಉತ್ತರವಿಲ್ಲ.

ಮಗಳು ಹುಟ್ಟಿದ್ದು ನನ್ನ ತವರು ಭಾಲ್ಕಿಯಲ್ಲಿ. ಮರುದಿನವೇ ಅವಳ ಬಲಗೈ ಬಿಟ್ಟುಬಿಟ್ಟು ಅದುರತೊಡಗಿತು. ಬೀದರಿಗೆ ಒಯ್ದೆವು. ಸ್ಕ್ಯಾನ್ ನೋಡಿದ ಡಾಕ್ಟರು ಲಕ್ವಾ ಎಂದರು. ಲಕ್ವಾ ಹೊಡೆಯುವುದು ವಯಸ್ಸಾದವರಿಗೆ ಎಂದಷ್ಟೇ ನನಗೆ ಗೊತ್ತಿತ್ತು. ಹಿಂದಿನ ವರ್ಷ ನನ್ನ ಅತ್ತೆಗೆ ಹೊಡೆದು, ಬಲಗೈ ಬಿದ್ದು, ಮಾತು ಪೂರ್ತಿ ನಿಂತಿತ್ತು. ಅದನ್ನು ಹೇಳಿದೆ.

"ಅವರಿಗೂ ಹಿಂಗೇ ಮಿದುಳಿನ ಎಡಕ್ಕ ಆಗಿರಬೇಕ್ರಿ," ಅಂದರು ಡಾಕ್ಟರು. "ದೊಡ್ಡವರ ಮಾತು ಅಲ್ಲೇ ಬೇರೂರಿರ್ತದ. ಕೂಸಿಂದು ಇನ್ನಾ ಬೇರೂರಿಲ್ಲ. ಬಲಭಾಗ ಆ ಕೆಲಸ ಕಲಿಬಹುದು. ಕೈ ಬಿಗಿ ಉಳಿಬಹುದು, ಮಾತು ತಡಾ ಆಗಬಹುದು. ಕಾಯ್ರಿ."

ಕಾದೆವು. ಮಗಳು ನಡೆದಳು, ಎಡಗೈಯಲ್ಲಿ ಉಂಡಳು. ಮಾತು ಮಾತ್ರ ಬರಲಿಲ್ಲ. ಅಷ್ಟರಲ್ಲಿ ಬರ ಬಿತ್ತು. ಔರಾದ ಕಡೆಯ ಡಾಬಕಾದಲ್ಲಿದ್ದ ಮೈದುನ ಸಂಸಾರ ಸಮೇತ ಹೈದರಾಬಾದಿಗೆ ಕೆಲಸಕ್ಕೆ ಹೊರಟಾಗ, ಅವನ ಜೊತೆಗಿದ್ದ ಅತ್ತೆಯನ್ನು ಬೀದರಿನ ನೌಬಾದದ ನಮ್ಮ ಮನೆಗೆ ಕರೆತಂದೆವು. ಮಾತಿಲ್ಲದ ಇಬ್ಬರೂ ದಿನವಿಡೀ ಒಂದೇ ಚಾಪೆಯ ಮೇಲೆ ಕೂತು ಎಡಗೈಯಲ್ಲಿ ಹುಣಸೆಬೀಜ ಆಡುತ್ತಿದ್ದರು. ಟ್ಯಾಂಕರ್ ನೀರಿಗೆ ಬಡಿದಾಡುವ ದಿನಗಳಲ್ಲೂ ಅವರನ್ನು ನೋಡಿದರೆ ಮನಸ್ಸು ತಂಪಾಗುತ್ತಿತ್ತು.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. "ನೀಲವ್ವಾ, ನೀರ ಬಂದಾವ ನೋಡ," ಎಂದು ಪಡಸಾಲೆಯಿಂದ ಯಾರೋ ಕರೆದರು.

ನನ್ನ ಕೈ ಹಾಗೇ ನಿಂತಿತು. ನನ್ನ ಹೆಸರು ಸುನಂದಾ. ಮದುವೆಯ ಹೊಸತರಲ್ಲಿ ನಾನುಟ್ಟ ನೀಲಿ ಸೀರೆ ನೋಡಿ ಅತ್ತೆ ಇಟ್ಟ ಹೆಸರದು. ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ಅವರ ಮಾತಿನೊಂದಿಗೆ ಆ ಹೆಸರೂ ನಿಂತುಹೋಗಿತ್ತು. ಅತ್ತೆಗೆ ಮಾತು ಮರಳಿತೆಂದುಕೊಂಡು ಹಿಟ್ಟಿನ ಕೈಯಲ್ಲೇ ಓಡಿದೆ.

ಅತ್ತೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಮಗಳು ನನ್ನ ಕಡೆ ತಿರುಗಿ ಇನ್ನೊಮ್ಮೆ, ಅತ್ತೆಯದೇ ಎಳೆತದಲ್ಲಿ, "ನೀಲವ್ವಾ" ಅಂದಳು. ಓಣಿಯಲ್ಲಿ ಟ್ಯಾಂಕರ್ ಬಂದು ನಿಂತಿತ್ತು. ಆ ದಿನ ನಾನು ನೀರು ಹಿಡಿಯಲಿಲ್ಲ.

ಸಂಜೆ ಗಂಡನನ್ನು ಕೇಳಿದೆ. "ನಾ ಎಂದೂ ಹಂಗ ಅಂದಿಲ್ಲ. ಆ ಹೆಸರ ಮರತೇ ಬಿಟ್ಟಿದ್ದೆ," ಅಂದರು. ಯಾರೋ ಅಂದದ್ದನ್ನು ಕೂಸು ಕೇಳಿರಬೇಕು ಎಂದರು ಡಾಕ್ಟರು. ಇರಬಹುದು. ಆದರೆ ಯಾರು ಅಂದರು? ಅತ್ತೆ ಕೊನೆಯವರೆಗೂ ಒಂದು ಮಾತೂ ಆಡಲಿಲ್ಲ.

ಮಗಳು ಈಗ ದೊಡ್ಡವಳು. ಬಲಗೈ ಬಿಗಿಯೇ ಉಳಿದಿದೆ, ಜಡೆ ನಾನೇ ಹಾಕಬೇಕು. ಹಾಕುವಷ್ಟು ಹೊತ್ತೂ ಅವಳ ಬಾಯಿ ಸುಮ್ಮನಿರುವುದಿಲ್ಲ. ನನ್ನನ್ನು ಅವ್ವ ಅನ್ನುತ್ತಾಳೆ. ನೀಲವ್ವ ಅಂದದ್ದು ಆ ಒಂದೇ ದಿನ. ಅವಳಿಗೆ ಅದರ ನೆನಪಿಲ್ಲ.