ಮಗ್ಗಕ್ಕೆ ಹೇಳದೆ ಹೊರಟ ದಿನ

ಬೆಳಿಗ್ಗೆ ಲೋಕಾಪುರದಿಂದ ತಮ್ಮನ ಫೋನ್ ಬಂದಾಗಿನಿಂದ ಕೈ ಒಂದು ಕಡೆ ನಿಲ್ಲುತ್ತಿಲ್ಲ. ಒರೆಸಿದ ಪಡಸಾಲೆಯನ್ನೇ ಮತ್ತೆ ಒರೆಸಿದೆ. ಬಕೆಟ್ಟಿಗೆ ಫಿನೈಲ್ ಜಾಸ್ತಿ ಬಿತ್ತು. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಆ ವಾರ್ಡು, ಅದರ ಸರಳಿನ ಬಾಗಿಲು, ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದ ನರ್ಸಬಾಯಿ... ಅವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಆಗ ನಮ್ಮ ಅತ್ತೆಗೆ ಮರೆವಿನ ರೋಗ ಬಲಿತಿತ್ತು. ರಬಕವಿಯ ಈ ಮನೆಯಲ್ಲಿ ಕೈಮಗ್ಗದ ಮುಂದೆ ಕುಳಿತೇ ಮುದುಕಿಯಾದವರು ಅವರು. ಮಗನ ಹೆಸರು ಮರೆತರೂ ಲಾಳಿ ಎಸೆಯುವುದನ್ನು ಕೈ ಮರೆತಿರಲಿಲ್ಲ. ಅದೂ ತಾಯಿ ಬನಶಂಕರಿಯ ದಯೆಯೇ. ಆದರೆ ಬರಬರುತ್ತ ನಿದ್ದೆ ಹೋಯಿತು. ಅನ್ನದಲ್ಲಿ ಏನೋ ಹಾಕಿದ್ದೀರಿ ಎಂದು ತಾಟು ಎಸೆದರು. ಒಮ್ಮೆ ಯಾರಿಗೂ ಹೇಳದೆ ಹೊಳೆಯ ದಾರಿ ಹಿಡಿದಿದ್ದರು. ದೊಡ್ಡ ದವಾಖಾನೆಯ ಮನೋರೋಗದ ವಾರ್ಡಿಗೆ ಸ್ವಲ್ಪ ದಿನ ಸೇರಿಸಿರಿ ಎಂದರು ಡಾಕ್ಟರು.

"ಹಂಗ ಅಂದ್ರ ನಮ್ಮವ್ವ ಗಾಡಿ ಹತ್ತಂಗಿಲ್ಲ. ಹೊಳಿ ದಂಡಿ ಗುಡಿಗೆ ಅಂತ ಹೇಳೂಣು," ಎಂದರು ನಮ್ಮ ಯಜಮಾನರು.

ನಮ್ಮ ಮನೆಯಲ್ಲೊಂದು ರೂಢಿ ಇದೆ. ಸಂಜೆಯೊಳಗೆ ಮರಳುವುದಾದರೆ ಸುಮ್ಮನೆ ಹೋಗಬಹುದು. ರಾತ್ರಿ ಉಳಿಯುವ ಊರಿಗೆ ಹೊರಟರೆ ಮಾತ್ರ ಮಗ್ಗ ಮುಟ್ಟಿ ನಮಸ್ಕರಿಸಿ, ಎಲ್ಲಿಗೆ, ಯಾಕೆ ಎಂದು ಹೇಳಿಯೇ ಹೊಸ್ತಿಲು ದಾಟಬೇಕು. ಗುಡಿ ಇಲ್ಲೇ ಅಲ್ಲವೇ? ಅತ್ತೆ ಮಗ್ಗದ ಕಡೆ ತಿರುಗಿಯೂ ನೋಡದೆ ಗಾಡಿ ಹತ್ತಿದರು.

ವಾರ್ಡಿನ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಅವರಿಗೆ ಅರಿವಾಯಿತು. ಸರಳು ಹಿಡಿದು ನಿಂತರು.

"ಗುಡಿ ಅಂದ್ಯಲ್ಲೋ ಭಾಡ್ಯಾ, ಗಂಟಿ ಎಲ್ಲೈತಿ? ದೇವರು ಎಲ್ಲಿ ಅದಾನ? ನಾ ಮಗ್ಗಕ್ಕ ಹೇಳಿಲ್ಲ! ಹೇಳದ ರಾತ್ರಿ ಹ್ಯಾಂಗ ಇರ್ಲಿ?"

ಅದೊಂದೇ ಮಾತು, ಮತ್ತೆ ಮತ್ತೆ. ಹಾಸಿಗೆಯ ಮೇಲೆ ಕೂಡಲೊಲ್ಲರು, ನೀರು ಮುಟ್ಟಲೊಲ್ಲರು. ಮಗನನ್ನು ಹತ್ತಿರಕ್ಕೂ ಬಿಡಲಿಲ್ಲ. ಅತ್ತೆ ಇನ್ನು ನಮ್ಮನ್ನು ಎಂದೂ ನಂಬುವುದಿಲ್ಲ ಎಂದುಕೊಂಡೆ.

ಆಗ ಬಂದವರೇ ಆ ನರ್ಸಬಾಯಿ. ಮಗ್ಗದ ಮಾತೇನೆಂದು ನನ್ನನ್ನು ಕೇಳಿದರು. ಹೇಳಿದೆ. ನಗಲಿಲ್ಲ. ನಮ್ಮ ಯಜಮಾನರ ಕಡೆ ತಿರುಗಿ, "ಅಣ್ಣಾರ, ಹೇಳಿದ್ದು ಮರೀತಾರ್ರೀ ಖರೆ. ಮೋಸಾ ಆತು ಅನ್ನೋ ಅಂಜಿಕಿ ಮರಿಯಂಗಿಲ್ಲ," ಎಂದಷ್ಟೇ ಅಂದರು. ಆಮೇಲೆ ಸರಳಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. ನೋಡಿ ನೋಡಿ ಅತ್ತೆಯೂ ಕುಳಿತರು.

"ಯವ್ವಾ, ಇದು ಗುಡಿ ಅಲ್ಲ, ದವಾಖಾನಿ. ನಿಮಗ ನಿದ್ದಿ ಹತ್ತವಲ್ದು, ಊಟಾ ಸೇರವಲ್ದು. ಅದಕ್ಕ ಸ್ವಲ್ಪ ದಿನ ಇಲ್ಲಿ ಇರಬೇಕ್ರಿ. ಸೊಸಿ ನಿಮ್ಮ ಬಾಜೂಕ ಇರ್ತಾರ. ಆರಾಮ ಆದ ಮ್ಯಾಲ ಮನಿ."

"ನಾ ಏನ ಹುಚ್ಚಿ?"

"ಅಲ್ಲಬೇ ಯವ್ವಾ. ಕಾಲು ಮುರಿದವರಿಗೆ ಒಂದು ವಾರ್ಡ ಐತಿ, ಮನಸ್ಸು ದಣಿದವರಿಗೆ ಇದು."

"ಮತ್ತ ಬಾಗಲಾ ಯಾಕ ಹಾಕೀರಿ?"

"ಹೊಳಿ ದಾರಿ ಹಿಡದಿದ್ರಂತಲ್ಲ, ಅದಕ್ಕ!"

ಅತ್ತೆ ಸರಳು ಬಿಟ್ಟರು. "ಮಗ್ಗಕ್ಕ ಯಾರು ಹೇಳ್ತಾರ?" ಎಂದರು. ನರ್ಸಬಾಯಿ ನನ್ನ ಕೈಯಲ್ಲಿದ್ದ ಫೋನ್ ನೋಡಿದರು. ಮನೆಯಲ್ಲಿ ನಾದಿನಿ ಇದ್ದಳು. ವಿಡಿಯೋ ಕಾಲ್ ಹಚ್ಚಿ, ಮಗ್ಗದ ಮುಂದೆ ನಿಲ್ಲು ಎಂದೆ.

ಅಷ್ಟು ಸಣ್ಣ ಗಾಜಿನಲ್ಲಿ ಅವರ ಮಗ್ಗ ಕಂಡಿತು. ಅತ್ತೆ ಸೆರಗು ಸರಿ ಮಾಡಿಕೊಂಡರು. "ದವಾಖಾನ್ಯಾಗ ಅದೇನಿ ಯವ್ವಾ. ನಿದ್ದಿ ಬಂದ ಮ್ಯಾಲ ಬರ್ತೇನಿ," ಎಂದು ಮುಟ್ಟಿ ನಮಸ್ಕರಿಸಿದರು. ಬೆರಳು ತಾಗಿ ಫೋನ್ ಕಟ್ಟಾಯಿತು. ನಾನು ಗಾಬರಿಯಾದೆ. ಅತ್ತೆ ಮಾತ್ರ, "ಹೂಂ ಅಂತು," ಎಂದವರೇ ಎದ್ದು ಹೋಗಿ ಹಾಸಿಗೆಯ ಮೇಲೆ ಕುಳಿತರು.

ಚಹಾ ಕುಡಿಯುವಷ್ಟರಲ್ಲಿ ಎಲ್ಲ ಮರೆತಿದ್ದರು. ಇದು ಯಾವ ಊರು ಎಂದು ಮತ್ತೆ ಕೇಳಿದರು. ನರ್ಸಬಾಯಿ ಅದೇ ಮಾತನ್ನು, ಅದೇ ದನಿಯಲ್ಲಿ, ಮೊದಲ ಸಲ ಹೇಳುವ ಹಾಗೆ ಹೇಳಿದರು. ನಮಗೂ ಮುಚ್ಚಿಡಲಿಲ್ಲ. "ಮರವು ಹೋಗಂಗಿಲ್ರೀ. ನಿದ್ದಿ ಬರತೈತಿ, ಅಂಜಿಕಿ ತಗ್ಗತೈತಿ. ಅಷ್ಟ," ಎಂದಿದ್ದರು. ಹಾಗೇ ಆಯಿತು. ಅತ್ತೆ ನಿದ್ದೆ ಮಾಡಿದರು, ನನ್ನ ಕೈಯಿಂದ ಅನ್ನ ಉಂಡರು, ಮನೆಗೆ ಬಂದರು. ಕಡೆಗೆ ಇದೇ ಪಡಸಾಲೆಯಲ್ಲಿ, ಮಗನ ಕೈ ಹಿಡಿದುಕೊಂಡೇ ಹೋದರು. ಇಷ್ಟು ಕೊಟ್ಟ ದೇವರಿಗೆ ಇನ್ನೇನು ಕೇಳಲಿ?

ಅತ್ತೆ ಹೋದ ಮೇಲೆ ಒಂದು ಸೀರೆ, ಕುಬಸದ ಕಣ ತೆಗೆದುಕೊಂಡು ಆ ವಾರ್ಡಿಗೆ ಹೋಗಿದ್ದೆ. ನರ್ಸಬಾಯಿಗೆ ವರ್ಗವಾಗಿತ್ತು. ಯಾವ ಊರಿಗೆಂದು ಅಲ್ಲಿದ್ದ ಹೊಸಬರಿಗೆ ತಿಳಿಯದು. ಸೀರೆ ಇನ್ನೂ ಟ್ರಂಕಿನಲ್ಲಿದೆ...

ಈಗ ನಮ್ಮಪ್ಪನದೂ ಅದೇ ಕಥೆ. "ಅಕ್ಕಾ, ನಾಳೆ ವಾರ್ಡಿಗೆ ಸೇರಸೂದೈತಿ. ಅಪ್ಪಗ ನಿನ್ನ ಮನಿಗೆ ಹೊಂಟೇವಿ ಅಂತ ಹೇಳ್ತೇನಿ," ಎಂದ ತಮ್ಮ. "ಏನೂ ಹೇಳಬ್ಯಾಡೋ, ನಾ ಬರೂತನಕಾ ತಡಿ," ಎಂದೆ. ಹೇಳುವವಳು ನಾನೇ. ಅಪ್ಪನ ಮುಂದೆ ಬಾಯಿ ಬರುತ್ತದೋ ಇಲ್ಲವೋ. ನೆಲ ಒರೆಸುತ್ತ ನರ್ಸಬಾಯಿಯ ಮಾತುಗಳನ್ನೇ ಬಾಯಿಪಾಠ ಮಾಡುತ್ತಿದ್ದೇನೆ.

ಚೀಲ ತುಂಬಿಟ್ಟಿದ್ದೇನೆ. ನೂಲಿಲ್ಲದ ಮಗ್ಗದ ಮುಂದೆ ನಿಂತು, ಲೋಕಾಪುರಕ್ಕೆ ಹೋಗುತ್ತೇನೆ, ಅಪ್ಪನಿಗೆ ಖರೆ ಹೇಳಲು ಹೋಗುತ್ತೇನೆ ಎಂದೆ. ಮುಟ್ಟಿದ ಕೈಗೆ ಧೂಳು ಹತ್ತಿತು. ಹೂಂ ಅಂತು ಎಂದು ಹೇಳುವವರು ಈಗ ಮನೆಯಲ್ಲಿ ಇಲ್ಲ. ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದೆ.