ಲಟ್ಟಣಿಗೆಯಿಂದ ದೀಪ ಹಾಕಿ ಹಿಡಿದ ಮನೆ

ಮದುವೆಯಾಗಿ ಆರು ತಿಂಗಳಾದರೂ ನಾನು ಮುಳಬಾಗಿಲಿನ ತವರಿನಲ್ಲೇ ಇದ್ದೆ. ನಮ್ಮವರಿಗೆ ಶ್ರೀನಿವಾಸಪುರದ ಸ್ಕೂಲಿನಿಂದ ಕೋಲಾರಕ್ಕೆ ವರ್ಗವಾಗಿತ್ತು, ಆದರೆ ಅಲ್ಲಿ ಬಾಡಿಗೆಗೆ ಮನೆಯೇ ಇರಲಿಲ್ಲ. ಯುದ್ಧದ ಕಾಲ. ಮದರಾಸಿನ ಮೇಲೆ ಬಾಂಬು ಬೀಳುತ್ತದೆಂದು ಹೆದರಿದ ಜನ ರೈಲು ಹತ್ತಿ ಮೈಸೂರು ಸಂಸ್ಥಾನದ ಊರೂರಿಗೂ ಬಂದಿಳಿಯುತ್ತಿದ್ದರು. ಬೆಂಗಳೂರು ತುಂಬಿ, ಮಾಲೂರು ತುಂಬಿ, ಕೋಲಾರದಲ್ಲಿ ದನದ ಕೊಟ್ಟಿಗೆಗೂ ಸುಣ್ಣ ಹೊಡೆದು ಬಾಡಿಗೆಗೆ ಬಿಡುತ್ತಿದ್ದರು. ನಮ್ಮವರು ಹೋಟೆಲೊಂದರ ಅಟ್ಟದಲ್ಲಿ ಮಲಗಿಕೊಂಡು, ಮನೆ ಸಿಕ್ಕಿದ ಕೂಡಲೇ ಕರೆಸಿಕೊಳ್ಳುತ್ತೇನೆಂದು ವಾರಕ್ಕೊಂದು ಕಾರ್ಡು ಬರೆಯುತ್ತಿದ್ದರು.

ಕಾರ್ಡುಗಳನ್ನು ಓದಿ ಓದಿ ನನಗೆ ಸಾಕಾಯಿತು. ಹಠ ಹಿಡಿದು ಅಪ್ಪನ ಜೊತೆ ಬಸ್ಸು ಹತ್ತಿದೆ. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಅದು. ಏರು ಬಂದಲ್ಲೆಲ್ಲ ಕಂಡಕ್ಟರು "ಇಳೀರಿ, ನೂಕ್ರಿ!" ಎನ್ನುತ್ತಿದ್ದ. ಧಾರೆ ಸೀರೆ ಉಟ್ಟ ನಾನೂ ನೂಕಿದೆ. ಕೋಲಾರದಲ್ಲಿ ಇಳಿದಾಗ ಮುಖವೆಲ್ಲ ಮಸಿ. ನಮ್ಮವರು ಅಪ್ಪನಿಗೆ ನಮಸ್ಕಾರ ಮಾಡಿ, "ಅವಳು ಬರಲಿಲ್ಲವೇ?" ಎಂದು ಕೇಳಿಯೇ ಬಿಟ್ಟರು! ನಾನು ನಗುತ್ತ ಅಲ್ಲೇ ಟ್ರಂಕಿನ ಮೇಲೆ ಕುಸಿದೆ. ಅಪ್ಪ ನನ್ನನ್ನು ಒಪ್ಪಿಸಿ ಅದೇ ಬಸ್ಸಿಗೆ ಹಿಂದಿರುಗಿದರು.

"ಒಂದು ಮನೆಯೇನೋ ಇದೆ ಕಣೇ," ಎಂದರು ನಮ್ಮವರು. "ಆದ್ರೆ ಆ ಮನೆ ಒಡತಿ ಅಜ್ಜಿ ಯಾರನ್ನೂ ಒಪ್ತಿಲ್ಲ."

"ನಾನು ಒಪ್ಪಿಸ್ತೀನಿ, ನಡೀರಿ."

ಮಾಲೂರಿನ ಹಂಚು ಹೊದಿಸಿದ ಪುಟ್ಟ ಮನೆ. ಹಿಂದಿನ ಕೋಣೆಯಲ್ಲಿ ತಾವಿದ್ದು, ಉಳಿದದ್ದನ್ನು ಬಾಡಿಗೆಗೆ ಬಿಡುವುದು ಅಜ್ಜಿಯ ಲೆಕ್ಕ. ಜಗಲಿಯ ಮೇಲೆ ಮದರಾಸಿನ ದಂಪತಿ ಆಗಲೇ ಕೂತಿದ್ದರು. ಆಕೆ ತುಂಬು ಬಸುರಿ. ಆತ ಎಷ್ಟು ಬೇಕಾದರೂ ಬಾಡಿಗೆ ಕೊಡಲು ತಯಾರು, ಆದರೆ ಕರೆಂಟು ದೀಪ ಹಚ್ಚಬಾರದಂತೆ. ಬೆಳಕು ಕಂಡರೆ ವಿಮಾನ ಬರುತ್ತದಂತೆ! ಅಜ್ಜಿಯ ಮುಖ ಕೆಂಪಾಗಿತ್ತು. ಆ ದೀಪ ಹಾಕಿಸಿದ್ದು ಆಕೆಯ ಯಜಮಾನರು. ಹಾಕಿಸಿದ ತಿಂಗಳಲ್ಲೇ ತೀರಿಕೊಂಡಿದ್ದರು. ಸ್ವಿಚ್ಚು ಮುಟ್ಟಲು ಭಯಪಟ್ಟು ಆಕೆ ಅಲ್ಲಿಯವರೆಗೂ ಎಣ್ಣೆ ದೀಪದಲ್ಲೇ ಇದ್ದರು.

"ಏಮಮ್ಮಾ, ನಿಂಗೆ ಕರೆಂಟು ಮುಟ್ಟೋಕೆ ಬರ್ತದಾ?" ಎಂದು ಅಜ್ಜಿ ತೆಲುಗು ಬೆರೆಸಿ ನನ್ನನ್ನು ಕೇಳಿದರು.

"ಓ, ಬರ್ತದೆ ಅಜ್ಜಿ!"

ನಮ್ಮವರು ಕೆಮ್ಮಿದರು. ನಾನು ಹುಟ್ಟಿದಾಗಿನಿಂದ ಸ್ವಿಚ್ಚನ್ನೇ ಮುಟ್ಟಿದವಳಲ್ಲ. ಮರಕ್ಕೆ ಕರೆಂಟು ಹತ್ತುವುದಿಲ್ಲವೆಂದು ಮಾತ್ರ ಎಲ್ಲೋ ಕೇಳಿದ್ದೆ. ಒಳಗೆ ಹೋಗಿ ಮಣೆಯ ಮೇಲೆ ನಿಂತು, ಅಜ್ಜಿಯ ಲಟ್ಟಣಿಗೆ ಹಿಡಿದು, ಕಣ್ಣು ಮುಚ್ಚಿ ಒತ್ತಿದೆ. ಟಕ್!

ಮಟಮಟ ಮಧ್ಯಾಹ್ನದಲ್ಲಿ ಬಲ್ಬು ಝಗ್ಗನೆ ಹತ್ತಿಕೊಂಡಿತು. "ಅಯ್ಯೋ ನಾ ತಲ್ಲೀ!" ಎಂದು ಅಜ್ಜಿ ಚಪ್ಪಾಳೆ ತಟ್ಟಿದರು. "ಇನ್ನೊಂದ್ಸಲ ಹಾಕು!" ನಾನು ಆರಿಸಿದೆ, ಹಾಕಿದೆ, ಆರಿಸಿದೆ. ಆಮೇಲೆ ಲಟ್ಟಣಿಗೆ ಕಿತ್ತುಕೊಂಡು ಅಜ್ಜಿಯೇ ಮಣೆ ಹತ್ತಿದರು. ದೀಪ ಹತ್ತಿದಾಗ ನಗುತ್ತಿದ್ದ ಅವರ ಕಣ್ಣಲ್ಲಿ ನೀರು ತುಳುಕಿತು. ಜಗಲಿಯಿಂದ ಆ ಮನುಷ್ಯ "ಆರಿಸಿ, ಆರಿಸಿ!" ಎಂದು ಕೂಗುತ್ತಿದ್ದರೆ, ಅವನ ಹೆಂಡತಿ ಬಾಗಿಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಮನೆ ಈ ಹುಡುಗಿಗೇ," ಎಂದರು ಅಜ್ಜಿ. "ಬಾಡಿಗೆ ಯುದ್ಧಕ್ಕೆ ಮೊದಲಿದ್ದಷ್ಟೇ."

ನಾನು ಕುಣಿಯುವುದೊಂದು ಬಾಕಿ. ಆದರೆ ಆ ಬಸುರಿಯ ನಗು ಒಮ್ಮೆಲೇ ನಿಂತಿದ್ದನ್ನು ಕಂಡೆ. ಊರೆಲ್ಲ ಅಲೆದು ಅವಳ ಕಾಲು ಊದಿಕೊಂಡಿತ್ತು.

"ಅಜ್ಜಿ, ನಮಗಿರೋದು ಎರಡೇ ಟ್ರಂಕು," ಎಂದೆ. "ನಡುಮನೆಗೆ ಅಡ್ಡಲಾಗಿ ಸೀರೆ ಕಟ್ಟಿದ್ರೆ ಅವರೂ ಇರಬಹುದಲ್ವಾ?"

ನಮ್ಮವರು ಮತ್ತೆ ಕೆಮ್ಮಿದರು. ಅಜ್ಜಿ ಆ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿದರು.

"ದೀಪ ಹಾಕಿದ್ರೆ ಕೂಗಾಡಬಾರದು ನಾಯನಾ. ಆಗ್ತದಾ?"

"ಆಗ್ತದೆ, ಆಗ್ತದೆ," ಎಂದು ಉತ್ತರ ಕೊಟ್ಟವಳು ಅವನ ಹೆಂಡತಿ.

ಆ ಸಂಜೆಯೇ ಒಂದೇ ಒಲೆಯ ಮೇಲೆ ಎರಡು ಸಂಸಾರಕ್ಕೂ ಸೇರಿಸಿ ಹಾಲು ಉಕ್ಕಿಸಿದೆವು. ಯಾವ ಕಡೆ ಉಕ್ಕಿದರೆ ಯಾರಿಗೆ ಅದೃಷ್ಟವೆಂದು ನಾವಿಬ್ಬರು ಹೆಂಗಸರೂ ಬಗ್ಗಿ ನೋಡುತ್ತ ಕೂತೆವು. ಹಾಲು ಸುತ್ತಲೂ ಉಕ್ಕಿ ಒಲೆಯನ್ನೇ ಆರಿಸಿಬಿಟ್ಟಿತು.