ವಿಲಾಯತಿ ಕಾಗದದ ಹಿಂಬದಿ

ಇಚಲಕರಂಜಿಯಲ್ಲಿ ಮಗ್ಗದ ಖಟಖಟ ಕೇಳದಿದ್ದರೆ ನಿದ್ದೆಯೇ ಬಾರದ ಕಾಲ ಅದು. ನಾವು ನೂಲ ಎಂಬ ಹಳ್ಳಿಯಿಂದ ಬಂದು ನೆಲೆಸಿದ್ದವರು. ಅಪ್ಪ, ಅಪ್ಪನ ತಮ್ಮ ಕಾಕಾ ಇಬ್ಬರೂ ಪವರ್‌ಲೂಮ್ ಶೆಡ್ಡಿಗೆ ಹೋಗುತ್ತಿದ್ದರು. ಓಣಿಯಲ್ಲಿ ಕುಂಟಾಬಿಲ್ಲೆ ಆಡುವ ನಮ್ಮ ಜಡೆಗೂ ಹತ್ತಿಯ ಎಳೆ ಅಂಟಿರುತ್ತಿತ್ತು. ಶೆಡ್ಡಿನವರೆಲ್ಲ ಸೀರೆಯ ಮಾತಾಡಿದರೆ ಕಾಕಾ ಒಬ್ಬರೇ ವಿಮಾನದ ಮಾತಾಡುತ್ತಿದ್ದರು.

ಅದು ಬಡಾಯಿಯಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವರು ಕರಾಚಿಯಲ್ಲಿ ಒಂದು ವಿಲಾಯತಿ ಕಂಪನಿಯ ವಿಮಾನ ದುರಸ್ತಿ ಶೆಡ್ಡಿನಲ್ಲಿ ದುಡಿದಿದ್ದರು. ಕುರ್ಚಿ, ಮೇಜು ಮಾಡುತ್ತಿದ್ದ ಅಣ್ಣತಮ್ಮಂದಿರು ಕಟ್ಟಿದ ಕಂಪನಿಯಂತೆ ಅದು. ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ತಿನ್ನುತ್ತ ನನ್ನನ್ನು ಅಕ್ಕರೆಯಿಂದ ತಂಗಿ ಎನ್ನುತ್ತಿದ್ದ ಕಾಕಾ ಹೇಳುವುದನ್ನು ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

"ಆ ವಿಮಾನದ ರೆಕ್ಕಿ ಅಂದ್ರ ಒಳಗ ಕಟಗಿ, ಮ್ಯಾಲ ಅರಿವಿ, ತಂಗಿ. ಈ ಕೈಲೆ ಹೊಲದೇನಿ. ಆಮ್ಯಾಲ ಒಂದ ಬಣ್ಣಾ ಬಳೀತಿದ್ವಿ, ಕೊಳತ ಬಾಳಿಹಣ್ಣಿನ ವಾಸ್ನಿ. ಒಣಗಿತಂದ್ರ ಹಲಗಿ ಬಿಗದಂಗ ಬಿಗೀತಿತ್ತ!"

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಾಸಿಕದ ಕಡೆ ವಿಮಾನದ ಹೊಸ ಕಾರ್ಖಾನೆ ಏಳುತ್ತಿದೆ ಎಂಬ ಸುದ್ದಿ ಬಂತು. ಕಾಕಾನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಹಿಂದೆ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟು ಬೇಕು. ದೇಶ ಒಡೆದಾಗ ಉಟ್ಟ ಬಟ್ಟೆಯಲ್ಲಿ ಬಂದವರ ಬಳಿ ಅದೆಲ್ಲಿಯದು? ಇಂಗ್ಲಿಷ್ ಹರಕುಮುರುಕು ಮಾತಾಡುತ್ತಿದ್ದರು, ಓದಲು ಬಾರದು. ವಿಲಾಯತಿಗೆ ಮರಳಿದ್ದ ಅವರ ಹಳೆಯ ಸಾಹೇಬರ ಹೆಸರಿಗೆ ನಾನೇ ಪತ್ರ ಬರೆದುಕೊಟ್ಟೆ. ಮನಸ್ಸಿಲ್ಲದೆ ಬರೆದೆ. ಅವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ನನ್ನ ಜೊತೆ ಕೂತು ಮಾತಾಡುತ್ತಿದ್ದವರು ಅವರೊಬ್ಬರೇ.

ಮೂರು ತಿಂಗಳಿಗೆ ಉತ್ತರ ಬಂತು. ನೀಲಿ ಕಾಗದ, ಎರಡೂ ಬದಿ ಬರೆದದ್ದು. ಸಾಹೇಬರ ಮಗಳು ಬರೆದಿದ್ದಳು. ಪಡಸಾಲೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಅಕ್ಕಿ ಆರಿಸುತ್ತಿದ್ದಳು.

"ಸಾಹೇಬ್ರು ತೀರಕೊಂಡಾರಂತ್ರಿ ಕಾಕಾ. ಕಂಪನಿನೂ ಇಲ್ಲಂತ. ದೊಡ್ಡ ಕಂಪನ್ಯಾವ್ರು ತೊಗೊಂಡು ಮುಚ್ಯಾರಂತ."

ನಾನು ಕಾಗದ ತಿರುವಿದೆ. ಹಳೆಯ ಹಾಜರಿ ಪುಸ್ತಕಗಳೆಲ್ಲ ಆ ದೊಡ್ಡ ಕಂಪನಿಯಲ್ಲಿವೆ, ಈ ವಿಳಾಸಕ್ಕೆ ಬರೆದರೆ ಸರ್ಟಿಫಿಕೇಟು ಕೊಡುತ್ತಾರೆ ಎಂದು ಹಿಂಬದಿಯಲ್ಲಿತ್ತು.

"ಮುಂದ ಏನೈತಿ?" ಎಂದರು ಕಾಕಾ.

"ಏನಿಲ್ರಿ. ಅಷ್ಟ."

ಸಾವಿನ ಸುದ್ದಿಯ ಕಾಗದವನ್ನು ನಮ್ಮಲ್ಲಿ ಮನೆಯೊಳಗೆ ಇಡುವುದಿಲ್ಲ. ಓದಿದವರೇ ಹರಿದು ಹೊರಗೆ ಹಾಕಬೇಕು. "ಹರದ ಒಗಿಯವ್ವಾ, ಅದನ್ನ ಮನ್ಯಾಗ ಇಡಬಾರದು," ಎಂದಳು ಆಯಿ. ಅವಳು ಹೇಳಿದ್ದೇ ನನಗೆ ಅನುಕೂಲವಾಯಿತು. ವಿಳಾಸ ಇದ್ದ ಕಡೆ ಇನ್ನೂ ಸಣ್ಣಗೆ ಹರಿದು ಗಟಾರಕ್ಕೆ ಹಾಕಿದೆ. ಕಾಕಾ ಬಚ್ಚಲಿಗೆ ಹೋಗಿ ಒಡಹುಟ್ಟಿದವರು ಸತ್ತಂತೆ ತಣ್ಣೀರು ಸುರಿದುಕೊಂಡರು.

ಅವರು ಎಲ್ಲಿಗೂ ಹೋಗಲಿಲ್ಲ. ನಾನು ಬಯಸಿದ್ದೂ ಅದನ್ನೇ. ಆದರೆ ಆಮೇಲೆ ವಿಮಾನದ ಮಾತು ನಿಂತುಹೋಯಿತು. ಕೆದಕಿದರೆ, "ಕಂಪನಿನ ಇಲ್ಲ, ಏನ ಮಾತಾಡೂದ ತಂಗಿ?" ಎನ್ನುತ್ತಿದ್ದರು. ಶೆಡ್ಡಿನಿಂದ ಬಂದು, ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು.

ಈಗ ಲೆಕ್ಕ ಹಾಕಿದರೆ ಹೋದದ್ದು ಕಂಪನಿಯೊಂದೇ ಅಲ್ಲ. ಅರಿವೆ ಹೊಲಿದು ವಿಮಾನ ಹಾರಿಸಿದ ಕೈಗಳ ಕಸುಬು ಹೋಯಿತು, ಅದನ್ನು ಹೇಳುವಾಗ ಕಾಕಾನ ಮುಖದಲ್ಲಿರುತ್ತಿದ್ದ ಕಳೆ ಹೋಯಿತು. ಅದನ್ನು ಕಳೆದವಳು ನಾನು.

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ತವರಿಗೆ ಹೋದಾಗ ಅವರ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಕಾಕಾ ನಕ್ಕು ಕಿವಿಗೆ ಕೈ ಹಚ್ಚಿದರು. "ಮಗ್ಗದಾಗ ಕಿವಿ ಹೋಗ್ಯಾವ ತಂಗಿ. ಜೋರ್ ಹೇಳು."

ಪಡಸಾಲೆಯಲ್ಲಿ ಮಂದಿ ಇದ್ದರು.

"ಊಟಾ ಆತೇನ್ರಿ, ಕಾಕಾ?" ಎಂದು ಜೋರಾಗಿ ಕೇಳಿದೆ.